ಜಟ್ಟೆಪ್ಪಜ್ಜನ ಬೀಡಿ ಕಟ್ಟು

ಪ್ರಜ್ಞಾನ ಅಪ್ಪಾರ,

ನಾ ದವಾಖಾನಿಗೆ ಹೊಂಟೇನಿ. ರೊಟ್ಟಿ ಬುಟ್ಟ್ಯಾಗ ಅದಾವ, ಪಲ್ಯೆ ಬಿಸಿ ಮಾಡ್ಕೋರಿ. ಜ್ವಾಳದ ಡಬ್ಬ್ಯಾಗ ಕೈ ಹಾಕಬ್ಯಾಡ್ರಿ, ನೀವು ಇಟ್ಟಿದ್ದು ಅಲ್ಲಿಲ್ಲ.

ಹೋದ ತಿಂಗಳ ಹರ್ನಿಯಾ ಆಪರೇಶನ್ ಆದ ಮನೋಳಿ ಊರಿನ ಜಟ್ಟೆಪ್ಪಜ್ಜ ನಿನ್ನೆ ತೋರಿಸಾಕ ಬಂದಿದ್ರು. ಐವತ್ತು ವರ್ಷದ ಬೀಡಿ ಚಟ, ನನ್ನ ಮಾತಿಗೆ ಬಿಟ್ಟವರು. ಗಾಯ ಚಂದ ಮಾಗೈತಿ. "ಉಳದ ಬೀಡಿ ಏನ ಮಾಡಿದ್ರಿ ಅಜ್ಜಾರ?" ಅಂದೆ. "ನಿಮಗ ಬುತ್ತಿ ಕೊಡಾಕ ಬಂದಿದ್ದ ನಿಮ್ಮ ಯಜಮಾನ್ರ ಕೈಯಾಗ ಕೊಟ್ನೆವಾ. ಎಲ್ಲಾ ಪೇಶಂಟರದೂ ಜಮಾ ಮಾಡಿ ಸುಡತೇವಿ ಅಂದ್ರು" ಅಂದ್ರು.

ಸುಡೂದಂತೂ ಖರೇ. ಒಂದೊಂದ ಸುಟ್ಟೀರಿ.

ನಿಮ್ಮ ಹರ್ನಿಯಾ ಆಪರೇಶನ್‌ಗೆ ಇನ್ನ ನಾಕ ವಾರ ಐತಿ. "ನಮ್ಮನಿಯವರು ಆಗಲೇ ಬಿಟ್ಟಾರ್ರಿ" ಅಂತ ಡಾಕ್ಟರ ಮುಂದ ಎದಿ ಉಬ್ಬಿಸಿ ಬರಸೀನಿ. ಕೆಮ್ಮಿದ್ರ ಹೊಲಗಿ ಬಿಚ್ಚತಾವ ಅಂತ ಊರ ಮಂದಿಗೆಲ್ಲಾ ನಕ್ಕೋತ ಹೇಳತೇನಿ. ನೀವು ಕೆಮ್ಮಿದ್ರ ಮಾತ್ರ ನನ್ನ ಎದಿ ಧಸಕ್ಕಂತೈತಿ.

ಇವತ್ತ ಹನ್ನೊಂದರ ಬಸ್ಸಿಗೆ ಜಟ್ಟೆಪ್ಪಜ್ಜ ಮನಿಗೆ ಬರತಾರ. ಅವರ ಮಾತ ಕೇಳಿ ಓಣ್ಯಾಗ ಮತ್ತ ಮೂರು ಮಂದಿ ಬಿಟ್ಟಾರಂತ, ಅವರ ಕಟ್ಟೂ ನಿಮ್ಮ ಕೈಯಾಗ ಕೊಡಾಕ ತರತಾರ. ಸುಡೂದನ್ನ ಕಣ್ಣಾರೆ ನೋಡಬೇಕಂತ. ನಾ ನಿಮ್ಮ ಮಾನ ತಗದಿಲ್ಲ, "ಬರ್ರಿ ಅಜ್ಜಾರ, ನಮ್ಮನಿಯವರೇ ಸುಡತಾರ" ಅಂದೀನಿ.

ಡಬ್ಬ್ಯಾಗಿನ ಕಟ್ಟು ಬಚ್ಚಲ ಒಲಿ ಮುಂದ ಇಟ್ಟೇನಿ. ಅಜ್ಜಾರಿಗೆ ಮೊದಲ ಚಾ ಕೊಡ್ರಿ, ಸಕ್ರಿ ಕಮ್ಮಿ. ಆಮ್ಯಾಲೆ ಅವರ ಮುಂದನ ಎಲ್ಲಾ ಒಲಿಗೆ ಹಾಕ್ರಿ.

ಅಂಗಿ ಒಳಕಿಸೇದಾಗಿನ ಎರಡು ಬೀಡಿನೂ.

ಮಾಲಾ ಸಿಸ್ಟರ್