ಒಂಬತ್ತನೇ ಮನೆಯ ಹೂ

ಸೋಮವಾರ, ಬೆಳಿಗ್ಗೆ

ಕಣ್ಣು ಮುಚ್ಚಿಕೊಂಡು ಕೆಲಸ ಪರೀಕ್ಷಿಸುವ ನನ್ನ ಗಂಡನಿಗೆ,

ನಾನು ಚೆನ್ನಾಗಿದ್ದೇನೆ. ನೀವು ಚೆನ್ನಾಗಿಲ್ಲ ಎಂದು ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಶನಿವಾರದ ಕಾರ್ಯಕ್ರಮಕ್ಕೆ ನಾನೂ ಬಂದಿದ್ದೆ. ಅಕ್ಕನ ಶಾಲು ತಲೆ ತುಂಬ ಹೊದ್ದು ಮೂರನೇ ಸಾಲಿನಲ್ಲಿ ಕೂತಿದ್ದೆ. ನೀವು ಮೊದಲನೇ ಸಾಲಿನಲ್ಲಿ, ಮದುಮಗನ ಹಾಗೆ. ನೀವು ಮಾಡಿದ ಗಿಟಾರು ಆ ವಾದಕರ ಕೈಗೆ ಸಿಕ್ಕಿದ್ದು ಅಂದು ಮಧ್ಯಾಹ್ನವಷ್ಟೇ. ಎರಡನೇ ಹಾಡಿನಲ್ಲಿ ಅವರು ಕೈಯನ್ನು ದೂರ ಜಿಗಿಸಿ, ಗಿಟಾರಿನ ಕತ್ತಿನ ಅಂಚಿನಲ್ಲಿರುವ ಬಿಳಿ ಚುಕ್ಕೆ ನೋಡಿ ತಂತಿ ಒತ್ತಿದರು. ಅಪಸ್ವರ! ಇನ್ನೊಮ್ಮೆ ಒತ್ತಿದರು, ಮತ್ತೆ ಅದೇ. ಕೊನೆಗೆ ನೀವೇ ಹಿಂದೆ ಮಾಡಿಕೊಟ್ಟಿದ್ದ ಹಳೇ ಗಿಟಾರು ತರಿಸಿಕೊಂಡರು. ಅವರ ಮುಖ ನೋಡಿ ಪಾಪ ಅನ್ನಿಸಿತು. ನಿಮ್ಮ ಬೋಳು ತಲೆಯ ಹಿಂಭಾಗ ಕೆಂಪಾದದ್ದು ನೋಡಿ ಮನಸ್ಸು ತಣ್ಣಗಾಯಿತು.

ತಪ್ಪೆಲ್ಲಿ ಎಂದು ಇಷ್ಟು ಹೊತ್ತಿಗೆ ತಿಳಿದಿರಬೇಕು. ತಂತಿ ಒತ್ತುವ ಮನೆಗಳಿರುವ ಗಿಟಾರಿನ ಕತ್ತಿನ ಪಟ್ಟಿಯಲ್ಲಿ ಚಿಪ್ಪಿನ ಗುರುತಿನ ಹೂ ಕೂರಬೇಕಾದದ್ದು ಮೂರು, ಐದು, ಏಳು, ಒಂಬತ್ತು, ಹನ್ನೆರಡನೇ ಮನೆಗಳಲ್ಲಿ. ನಾನು ಒಂಬತ್ತರದ್ದನ್ನು ಹತ್ತಕ್ಕೆ ಕೂರಿಸಿದ್ದೇನೆ, ಅಂಚಿನ ಚುಕ್ಕೆ ಸಮೇತ. ಏನು ಮಾಡಲಿ, ಹಳೇ ಅಭ್ಯಾಸ. ನಮ್ಮಪ್ಪ ಮ್ಯಾಂಡೊಲಿನ್ ಮಾಡುತ್ತಿದ್ದವರು, ಅದರಲ್ಲಿ ಗುರುತು ಬರುವುದು ಹತ್ತರಲ್ಲೇ. ಮದುವೆಯಾದ ಹೊಸದರಲ್ಲೂ ಒಮ್ಮೆ ಹೀಗೇ ಮಾಡಿದ್ದೆ. ಆಗ ನೀವು ಆ ಪಟ್ಟಿಯನ್ನು ನನ್ನ ಕಾಲ ಬುಡಕ್ಕೆ ಎಸೆದು, ನಿಮ್ಮಪ್ಪನ ಬುದ್ಧಿ ನಿಮ್ಮಪ್ಪನ ಮನೇಲಿಟ್ಟು ಬಾ ಅಂದಿರಿ. ಅಲ್ಲಿಂದ ಹತ್ತೊಂಬತ್ತು ವರ್ಷ ಒಂದೇ ಒಂದು ಹೂ ತಪ್ಪಲಿಲ್ಲ. ಈಗ ತಪ್ಪಿತು. ಮನೆ ಬದಲಾಯಿಸಿದ್ದು ಹೂ ಒಂದೇ ಅಲ್ಲವಲ್ಲ!

ಮನೆ ಬಿಟ್ಟದ್ದು ಯಾಕೆ ಎಂದು ನೀವು ಈವರೆಗೆ ಕೇಳಿಲ್ಲ. ಪತ್ರಿಕೆಯವರು ಬಂದ ದಿನ ನಾನು ಒಳಗಿನ ಮೇಜಿನಲ್ಲಿ ಕೂತು, ಉಸಿರು ಬಿಗಿ ಹಿಡಿದು, ಕೂದಲೆಳೆಯಂಥ ಗರಗಸದಲ್ಲಿ ಮುತ್ತಿನ ಚಿಪ್ಪು ಕೊಯ್ಯುತ್ತಿದ್ದೆ. ಅಂಗೈ ಮೇಲಿದ್ದ ಎಲೆ ಅಕ್ಕಿಕಾಳಿಗಿಂತ ಸಣ್ಣದು. ಹೊರಗಿನಿಂದ ನಿಮ್ಮ ದನಿ ಕೇಳಿತು: "ಚಿಪ್ಪಿನ ಕುಸುರೀನೂ ನಂದೇ ಸ್ವಾಮಿ. ಮನೆಯವಳು ಅಂಟು ಕಲಸಿ ಕೊಡ್ತಾಳೆ, ಅಷ್ಟೆ." ಆ ಎಲೆ ಎಲ್ಲಿ ಬಿತ್ತೋ, ಮತ್ತೆ ಸಿಗಲಿಲ್ಲ. ಅವತ್ತೇ ಪೆಟ್ಟಿಗೆ ಕಟ್ಟಿಕೊಂಡು ಅಕ್ಕನ ಮನೆಯ ಮಹಡಿಗೆ ಬಂದೆ.

ಮೂರು ತಿಂಗಳ ಮೇಲೆ ಕೊರಿಯರಿನಲ್ಲಿ ಕರಿಮರದ ಪಟ್ಟಿ ಬಂತು. ಜೊತೆಗೆ ಒಂದು ಚೀಟಿ: "ಹೂಬಳ್ಳಿ. ತಿಂಗಳೊಳಗೆ ಬೇಕು." ಹೇಗಿದ್ದೀಯಾ ಅನ್ನುವುದಕ್ಕೆ ಚೀಟಿಯಲ್ಲಿ ಜಾಗವಿರಲಿಲ್ಲವೇನೋ. ಅಕ್ಕ ಅದನ್ನು ಒಲೆಗೆ ಹಾಕು ಅಂದಳು. ನಾನು ಕೂತು ಮಾಡಿದೆ. ಒಂದು ಕೂದಲು ತೂರುವಷ್ಟೂ ಸಂದಿಲ್ಲದ ಹಾಗೆ ಮಾಡಿದೆ. ಉಪ್ಪುಕಾಗದದಲ್ಲಿ ಉಜ್ಜಿ ಕಳಿಸುವಾಗ ನೀವೇನು ಮಾಡುತ್ತೀರಿ ಎಂದು ನನಗೆ ಗೊತ್ತಿತ್ತು. ಕಣ್ಣು ಮುಚ್ಚಿ, ಹೆಬ್ಬೆರಳು ಜಾರಿಸಿ, "ಆಹಾ, ರೇಷ್ಮೆ!" ಅನ್ನುತ್ತೀರಿ. ನುಡಿಸಲು ಬಾರದವರು ಹೂ ಎಣಿಸುವುದಿಲ್ಲ.

ಈಗ ವಾದಕರು ಕೇಳಿಯೇ ಕೇಳುತ್ತಾರೆ, ಈ ಹೂ ಕೂರಿಸಿದವರು ಯಾರು ಎಂದು. ನನ್ನದೇ ಅಂದರೆ, ಇಷ್ಟು ವರ್ಷದ ಹೆಸರು ಒಂದು ಮನೆಯ ಅಂತರದಲ್ಲಿ ಮಣ್ಣುಪಾಲು. ಹೆಂಡತಿಯದು ಅಂದರೆ, ಇಷ್ಟು ವರ್ಷದ ಸುಳ್ಳು ಬಯಲು. ಯಾವುದು ಹೇಳುತ್ತೀರೋ ನಿಮ್ಮಿಷ್ಟ. ನಾನಂತೂ ಹೊಟ್ಟೆ ತುಂಬ ಉಂಡು ಮಲಗುತ್ತಿದ್ದೇನೆ.

ಇಂತಿ,
ಕಾಗದಪತ್ರದ ಮಟ್ಟಿಗೆ ಇನ್ನೂ ನಿಮ್ಮ ಹೆಂಡತಿ

ತಾ.ಕ. (ಬುಧವಾರ): ಪತ್ರ ಅಂಚೆಗೆ ಹಾಕುವ ಮುಂಚೆಯೇ ವಾದಕರು ಗಿಟಾರು ಹೊತ್ತು ಮಹಡಿ ಹತ್ತಿ ಬಂದರು. ನೀವು ಅವರಿಗೆ ಬರೆದು ಕೊಟ್ಟದ್ದನ್ನೂ ತಂದಿದ್ದರು: "ಮರದ ಕೆಲಸ ಮಾತ್ರ ನನ್ನದು. ಚಿಪ್ಪಿನದೆಲ್ಲ ಮೊದಲಿನಿಂದಲೂ ನನ್ನ ಹೆಂಡತಿಯದು, ತಪ್ಪೂ ಅವಳದೇ." ಕೆಳಗೆ ನಿಮ್ಮ ರುಜು. ಅದನ್ನೋದಿ ಅವರು, "ಹಾಗಾದ್ರೆ ನನ್ನ ಹಳೇ ಗಿಟಾರಿನ ಚಿಪ್ಪಿನ ಮೀನುಗಳೂ ನಿಮ್ಮವೇನಮ್ಮಾ?" ಅಂದರು. ಹೌದು ಅಂದೆ. ಆ ಚೀಟಿಯನ್ನು ಕೇಳಿ ಇಸಿದುಕೊಂಡು ಚೌಕಟ್ಟು, ಗಾಜು ಹಾಕಿಸಲು ಕೊಟ್ಟಿದ್ದೇನೆ. ಗಿಟಾರಿನ ರಿಪೇರಿಗೆ ಎಷ್ಟು ದಿನ ಹಿಡಿಯುತ್ತದೆ ಎಂದು ವಾದಕರು ಕೇಳಿದರು. ನಾಳೆಯೇ ಬನ್ನಿ ಅಂದೆ. ಒಂಬತ್ತನೇ ಮನೆಯ ಹೂವನ್ನು, ಪಟ್ಟಿ ನಿಮಗೆ ಕಳಿಸಿದ ದಿನವೇ ಚಿಪ್ಪಿನಲ್ಲಿ ಕೊಯ್ದು ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದೆ.