ಬೂದಿ ಬಣ್ಣದ ದಿಂಬಿನ ಕವರ್

ಸಂಡೂರು, ಸೆಪ್ಟೆಂಬರ್ 3, 2025, ಬುಧವಾರ.

ಅಮೆರಿಕದವರು ಐವತ್ತು ಪರ್ಸೆಂಟ್ ಸುಂಕ ಹಾಕಿ ವಾರವಾಯಿತು. ನಮ್ಮ ಕಸೂತಿಯ ದಿಂಬಿನ ಕವರ್ ಕೊಳ್ಳುತ್ತಿದ್ದ ಅಲ್ಲಿನ ಅಂಗಡಿಯವರು ಈ ಸಲ ಬೇಡವೆಂದು ಬರೆದಿದ್ದಾರೆ. ಬೆಳಿಗ್ಗೆಯಿಂದ ಆ ಮಾತು ನನ್ನೊಬ್ಬಳ ಹೊಟ್ಟೆಯಲ್ಲೇ ಇದೆ. ನಾನು ನಡೆಸುವ ಕಸೂತಿ ಕೇಂದ್ರದ ಹನ್ನೊಂದು ಹೆಣ್ಣುಮಕ್ಕಳು ಏನೂ ತಿಳಿಯದೆ ಸಂಜೆಯತನಕ ಹೊಲಿದರು.

ತಪ್ಪು ನನ್ನದು. ಪ್ರತಿ ವರ್ಷ ಬರುತ್ತದಲ್ಲ ಎಂದು ಆರ್ಡರಿಗೆ ಮುಂಚೆಯೇ ಕೆಲಸ ಶುರು ಮಾಡಿಸಿದೆ. ಇಲ್ಲೇ ಮಾರೋಣವೆಂದರೆ ಎಲ್ಲವೂ ಅವರು ಮೆಚ್ಚುವ ಬೂದಿ ಬಣ್ಣ. ಲಂಬಾಣಿ ಕೈಗೆ ಕೆಂಪು ಬಿಡಿಸಿ ಬೂದಿ ಕಲಿಸಿದವಳೂ ನಾನೇ.

ಊಟದ ಹೊತ್ತಿಗೆ ರೇಡಿಯೋದಲ್ಲಿ ಬಂತು, ಅಮೆರಿಕಕ್ಕೆ ಹೋಗದ ಮಾಲಿಗೆ ದಿಲ್ಲಿಯವರು ಬೇರೆ ದೇಶಗಳಲ್ಲಿ ಮಾರುಕಟ್ಟೆ ಹುಡುಕುತ್ತಿದ್ದಾರಂತೆ. ಚಾಂದಿಬಾಯಿ ಸೂಜಿ ನಿಲ್ಲಿಸಿ ನನ್ನ ಮುಖ ನೋಡಿದಳು.

"ಅಕ್ಕಾರ, ನಮ್ಮ ಆರ್ಡರ್ ಹೋತೇನ್ರಿ?"

"ಹಂಗೇನಿಲ್ಲಬೇ, ನೀ ಹೊಲಿ," ಅಂದೆ.

"ಹೊಸ ದೇಶದೋರಿಗೆ ಯಾವ ಬಣ್ಣ ಸೇರ್ತೈತಿ, ಮೊದ್ಲ ಕೇಳ್ರಿ. ನಮ್ಮ ಕೆಂಪನೂ ಒಮ್ಮೆ ತೋರಸ್ರಿ. ಈ ಬೂದಿ ನೋಡಿದ್ರ ನಮ್ಮತ್ತಿ, ಯಾರ ಸತ್ತಾರ ಅಂತ ಕೇಳ್ತಾಳ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಈಗ ಹೊಸಪೇಟೆಯ ತಂಗಿ ಶೈಲಜಾಗೆ "ನಾವೆಲ್ಲ ಆರಾಮ" ಎಂದು ಪತ್ರ ಬರೆದು, ಹರಿದು ಹಾಕಿದೆ. ದಿಲ್ಲಿಯವರಿಗೆ ಹೊಸ ದೇಶ ಸಿಗುವತನಕ ಈ ಹನ್ನೊಂದು ಜನ ಕೈಕಟ್ಟಿ ಕೂರಲಾರರು. ಅಟ್ಟದ ಮೇಲಿದ್ದ ಕೆಂಪು ದಾರದ ಡಬ್ಬಿ ಇಳಿಸಿ ಬಾಗಿಲ ಹತ್ತಿರ ಇಟ್ಟಿದ್ದೇನೆ. ನಾಳೆ ನಿಜ ಹೇಳಬೇಕು. ಚಾಂದಿಬಾಯಿಗೆ ಮೊದಲು ಹೇಳಲೋ, ಎಲ್ಲರನ್ನೂ ಕೂರಿಸಿ ಹೇಳಲೋ… ಡಬ್ಬಿ ಕಂಡರೆ ನಾನು ಬಾಯಿ ತೆರೆಯುವ ಮೊದಲೇ ಅವಳಿಗೆ ತಿಳಿದುಬಿಡುತ್ತದೆ.