ದಿಬ್ಬ ದಾಟಿದ ಮೇಲೆ ಮಾತಿಲ್ಲ

ಮಾರ್ಚ್ ೩, ಮಂಗಳವಾರ

ಪ್ರೀತಿಯ ಗಂಟೆಯಣ್ಣನಿಗೆ,

ನಿನ್ನ ಎರಡು ಕಾಗದಗಳೂ ಬಂದು ಅಂಗಡಿಯ ಕನ್ನಡಿಯ ಅಂಚಿಗೆ ಕೂತಿವೆ. ಗಿರಾಕಿಯ ತಲೆಗೆ ಕೈ ಹಾಕಿದಾಗಲೆಲ್ಲ ನನ್ನನ್ನೇ ನೋಡುತ್ತವೆ. ಉತ್ತರ ತಡವಾಯಿತು, ಹೊಟ್ಟೆಗೆ ಹಾಕಿಕೊ. ಬೈಯಬೇಕೆನಿಸಿದರೆ ಬೈದುಬಿಡು. ಗಂಟೆಗೊಂದು ಮಾತಾಡುವವನೆಂದು ಬೀದಿಯವರು ನಿನಗೆ ಆ ಹೆಸರಿಟ್ಟಿರುವಾಗ ನೀನು ಎಷ್ಟು ತಾನೇ ಬೈದೀಯ! ನನಗೆ ಅದೇ ಜನ ರೇಡಿಯೋ ಎಂದು ಹೆಸರಿಟ್ಟರು. ಈ ರೇಡಿಯೋ ಆರಿಸುವ ಗುಂಡಿ ಎಲ್ಲಿದೆ ಎನ್ನುವುದು ನಿನ್ನೊಬ್ಬನಿಗೇ ಗೊತ್ತಿತ್ತು.

ನೀನು ಬಾಗಿಲು ಹಾಕಿಕೊಂಡು ಹೋದ ಗಡಿಯಾರದ ಅಂಗಡಿಗೆ ಫೋನಿನ ಕವರು ಮಾರುವವರು ಬಂದಿದ್ದಾರೆ. ನಡುಗೋಡೆಗೆ ಕಿವಿ ಕೊಟ್ಟರೆ ಈಗ ಟಿಕ್ ಟಿಕ್ ಇಲ್ಲ, ದಿನವಿಡೀ ಹಾಡು. ಮನೆಯಲ್ಲಿ ನನ್ನ ಹೆಂಡತಿ, ಇವಳ ಮಂಡಿನೋವು ಹಾಗೆಯೇ ಇದೆ. "ಗಂಟೆಯಣ್ಣ ಇದ್ದಿದ್ರೆ ವಾರಕ್ಕೊಂದು ದಿನಾನಾದ್ರೂ ನೀವು ಬಾಯಿ ಮುಚ್ಕೊಂಡಿರ್ತಿದ್ರಿ" ಎಂದು ನಿನ್ನನ್ನು ನೆನೆಯುತ್ತಾಳೆ. ನನ್ನನ್ನು ಬೈಯಲು ನೆನೆಯುವುದು, ಆದರೂ ನೆನೆಯುತ್ತಾಳೆ.

ಮಗಳ ಮನೆ ದೊಡ್ಡ ರಸ್ತೆಯ ಬದಿಗಿದೆ, ಲಾರಿಗಳಿಗೆ ಹಗಲು ರಾತ್ರಿ ಎನ್ನುವುದೇ ಇಲ್ಲ ಎಂದು ಬರೆದಿದ್ದೀಯ. ಓದಿ ಸಂಕಟವಾಯಿತು. ಗಡಿಯಾರದೊಳಗಿನ ಸಣ್ಣ ಚಕ್ರ ಕಾಣದಷ್ಟು ಕಣ್ಣು ಮಂಜಾದ ಮೇಲೆ ನಿನಗೆ ಉಳಿದದ್ದು ಕಿವಿ. ಅದಕ್ಕೂ ನೆಮ್ಮದಿ ಇಲ್ಲವೆಂದರೆ ಹೇಗೆ? ನಿನ್ನ ಕಣ್ಣಿಗಾಗಿಯೇ ಇದನ್ನು ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ಮಂಗಳವಾರ ಮಂಗಳವಾರ ನಾವಿಬ್ಬರೇ ನಡೆಯುತ್ತಿದ್ದ, ಬೇರಾರಿಗೂ ಗೊತ್ತಿಲ್ಲದ ನಮ್ಮ ದಾರಿ ಹೇಗಿದೆ ಎಂದು ಕೇಳಿದ್ದೀಯ. ಇದ್ದ ಹಾಗೆಯೇ ಇದೆ. ದೋಣಿ ರಿಪೇರಿ ಶೆಡ್ಡಿನ ಹಿಂದೆ ಅದೇ ಮುಳ್ಳಿನ ಪೊದೆ, ಪೊದೆಯಾಚೆ ಅದೇ ಮರಳ ದಿಬ್ಬ. ದಿಬ್ಬದ ಬುಡಕ್ಕೆ ಬಂದ ಕೂಡಲೇ ನೀನು ತುಟಿಗೆ ಬೆರಳಿಟ್ಟು "ಸುಮ್ನಿರೋ" ಎನ್ನುತ್ತಿದ್ದೆಯಲ್ಲ, ಅಲ್ಲಿಂದ ಮುಂದೆ ನನ್ನ ಬಾಯಿಗೆ ಪ್ರವೇಶವಿರಲಿಲ್ಲ. ಆಚೆಗಿನ ಗಾಳಿಮರದ ಕಾಡಿನಲ್ಲಿ ಸೂಜಿಯೆಲೆ ಹಾಸಿಗೆಯಂತೆ ಬಿದ್ದಿದೆ, ನಮ್ಮ ಹೆಜ್ಜೆ ನಮಗೇ ಕೇಳುವುದಿಲ್ಲ. ಕಾಡು ಮುಗಿದಲ್ಲಿ ತೀರ, ತೀರದಲ್ಲಿ ನಾವು ಕೂರುವ ಮರದ ದಿಮ್ಮಿ. ಒಂದು ನರಪಿಳ್ಳೆಯೂ ಇಲ್ಲ. ಎಲ್ಲ ಚೆನ್ನಾಗಿದೆ. ನೀನೇನೂ ಚಿಂತೆ ಮಾಡಬೇಡ, ಎಲ್ಲ ಚೆನ್ನಾಗಿದೆ.

ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ ಹೇಳು.

ನಿನ್ನ,
ರೇಡಿಯೋ

ತಾ.ಕ.: ದೂರದ ಪ್ರಯಾಣ ನಿನ್ನ ಬೆನ್ನಿಗೆ ಒಗ್ಗುವುದಿಲ್ಲ. ಇತ್ತ ಬರುವ ಯೋಚನೆಯೇನಾದರೂ ಇದ್ದರೆ ಅವಸರ ಬೇಡ. ಮುಂದಿನ ವರ್ಷ ನೋಡೋಣ.


ಮಾರ್ಚ್ ೧೭, ಮಂಗಳವಾರ

ಗಂಟೆಯಣ್ಣ,

ನಾನು ಕಾಗದ ಹಾಕಿ ಉಸಿರು ಬಿಡುವುದರೊಳಗೆ ನಿನ್ನ ಉತ್ತರ ಬಂದುಬಿಟ್ಟಿತು. "ದಾರಿ ಹಾಗೆಯೇ ಇದೆ ಎಂದು ಬರೆದೆಯಲ್ಲ, ಅದನ್ನು ದಿನಾ ಓದುತ್ತೇನೆ. ಮುಂದಿನ ತಿಂಗಳು ಬರುತ್ತೇನೆ, ಬೆನ್ನು ಏನಾದರೂ ಮಾಡಿಕೊಳ್ಳಲಿ. ಒಂದು ಬೆಳಿಗ್ಗೆ ಆ ದಿಮ್ಮಿಯ ಮೇಲೆ ಕೂತು ಕಿವಿ ತೊಳೆದುಕೊಳ್ಳಬೇಕು. ಹಕ್ಕಿ ಮೊಟ್ಟೆ ಇಟ್ಟಿದೆಯೇ ನೋಡಿ ತಿಳಿಸು." ಜೀವಮಾನದಲ್ಲಿ ನೀನು ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದು ನನಗೆ ನೆನಪಿಲ್ಲ. ಓದಿದ ಮೇಲೆ ಊಟ ಸೇರಲಿಲ್ಲ.

ಇವಳು ನನ್ನ ಮುಖ ನೋಡಿ, "ಇನ್ನೂ ಹೇಳಿಲ್ವಾ ಅವ್ರಿಗೆ?" ಎಂದಳು.

"ಹೇಳ್ತೀನಿ."

"ಊರಿಗೆಲ್ಲ ಹೇಳೋಕೆ ಪುರುಸೊತ್ತಿತ್ತು. ಅವ್ರೊಬ್ರಿಗೆ ಹೇಳೋಕೆ ಮಾತ್ರ ಇಲ್ಲ! ಊರವರ ತಲೆಗೆಲ್ಲ ಕತ್ತರಿ ಹಾಕ್ತೀರಿ, ನಿಮ್ಮ ನಾಲಿಗೆಗೆ ಹಾಕೋರು ಯಾರೂ ಇಲ್ವಲ್ಲ."

ಅವಳು ಹೇಳಿದ್ದು ಸರಿ. ಹೋದ ಕಾಗದದಲ್ಲಿ ನಾನು ಬರೆದದ್ದು ಸುಳ್ಳು, ಗಂಟೆಯಣ್ಣ. ನಮ್ಮ ದಾರಿ ಈಗ ನಮ್ಮದಾಗಿ ಉಳಿದಿಲ್ಲ. ಊರಿಗೆಲ್ಲ ಗೊತ್ತಾಗಿದೆ, ಗೊತ್ತುಮಾಡಿದವನು ನಾನೇ.

ನೀನು ಹೋದ ಹೊಸದರಲ್ಲಿ ಫೋಟೋ ಸ್ಟುಡಿಯೋದವನು ಗಡ್ಡ ಮಾಡಿಸಿಕೊಳ್ಳಲು ಕೂತಿದ್ದ. ಕೆನ್ನೆಗೆ ನೊರೆ ಹಚ್ಚುತ್ತ ಏನೇನೋ ಮಾತಾಡುತ್ತಿದ್ದೆ. ನನ್ನ ಬಾಯಿಗೆ ಬಾಗಿಲಿಲ್ಲವೆಂದು ನಿನಗೆ ಗೊತ್ತೇ ಇದೆ. ಮಾತಿನ ಮಧ್ಯೆ ಅದೊಂದು ಜಾರಿಬಿಟ್ಟಿತು, ಶೆಡ್ಡಿನ ಹಿಂದೆ ಒಂದು ದಾರಿ ಇದೆ ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುವಾರವೇ ಅವನು ಮದುವೆಯಾಗಲಿದ್ದ ಜೋಡಿಯೊಂದನ್ನು ಅಲ್ಲಿಗೆ ಕರೆದೊಯ್ದು ಫೋಟೋ ತೆಗೆದ. ಆ ಫೋಟೋ ಎಲ್ಲರ ಫೋನಿಗೂ ಹೋಯಿತು. ಈಗ ಮುಳ್ಳಿನ ಪೊದೆ ಕಡಿದು ಹಾಕಿದ್ದಾರೆ, ಶೆಡ್ಡಿನ ಗೋಡೆಗೆ ಬಣ್ಣದಲ್ಲಿ ಬಾಣದ ಗುರುತು ಬರೆದಿದ್ದಾರೆ. ದಿಬ್ಬದ ಬುಡದಲ್ಲಿ ಐಸ್‌ಕ್ರೀಮ್ ಗಾಡಿ ನಿಲ್ಲುತ್ತದೆ. ಹಾಡಿನ ಪೆಟ್ಟಿಗೆ ಹೆಗಲಿಗೇರಿಸಿಕೊಂಡು ಕಾಡಿನೊಳಗೆ ಹೋಗುತ್ತಾರೆ, ಪಾಪ, ಮರಗಳಿಗೂ ಬೇಜಾರು ಕಳೆಯಬೇಕಲ್ಲ.

ನೀನು ಬರುತ್ತೀಯೆಂದು ತಿಳಿದ ಮೇಲೆ ನಾನು ಕೈಕಟ್ಟಿ ಕೂರಲಿಲ್ಲ. ಒಂದು ಉಪಾಯ ಮಾಡಿದೆ. ಅಂಗಡಿಗೆ ಬಂದವರಿಗೆಲ್ಲ, "ಆ ಕಡೆ ಹೋಗ್ಬೇಡಿ, ದೊಡ್ಡ ಹಾವು ಸೇರ್ಕೊಂಡಿದೆಯಂತೆ" ಎಂದೆ. ಒಬ್ಬ ಗಿರಾಕಿಯಿಂದ ಇನ್ನೊಬ್ಬನಿಗೆ ಬರುವಷ್ಟರಲ್ಲಿ ಹಾವನ್ನು ಒಂದಿಷ್ಟು ಉದ್ದ ಮಾಡುತ್ತಲೂ ಹೋದೆ. ಮರುದಿನ ಅದನ್ನು ನೋಡಲು ಮಕ್ಕಳು ಮರಿ ಕಟ್ಟಿಕೊಂಡು ಅರ್ಧ ಊರೇ ಹೊರಟಿತು. ಸಂಜೆ ಐಸ್‌ಕ್ರೀಮಿನವನು ಕ್ಷೌರಕ್ಕೆ ಬಂದು, "ನಿಮ್ಮ ಹಾವಿನಿಂದ ಗಾಡಿ ಖಾಲಿ ಆಯ್ತು ಸ್ವಾಮಿ. ನಾಳೆಗೂ ಏನಾದ್ರೂ ಹೇಳಿ" ಎಂದ.

ಬೆಳಗಿನ ಹೊತ್ತಾದರೂ ನಿನಗೆ ಉಳಿದಿರಬಹುದು ಎಂದುಕೊಂಡು, ಹೋದ ಗುರುವಾರ ಬೆಳಕು ಹರಿಯುವ ಮೊದಲೇ ದಿಬ್ಬದ ಹತ್ತಿರ ಹೋಗಿ ನಿಂತೆ. ಆಗಲೇ ನಾಲ್ಕೈದು ಜನ ಓಡುವ ಬೂಟು ಹಾಕಿಕೊಂಡು ಬಂದರು. ಅವರಲ್ಲೊಬ್ಬಳು ನಿಂತು ನನ್ನನ್ನು ನೋಡಿ, "ಅಂಕಲ್, ಮೊದಲನೇ ಸಲ ಬರ್ತಿದ್ದೀರಾ? ಹೆದರ್ಬೇಡಿ, ದಾರಿ ಸುಲಭ ಇದೆ. ಬನ್ನಿ, ನಾವು ತೋರಿಸ್ತೀವಿ" ಎಂದಳು. ಒಳ್ಳೆಯ ಹುಡುಗಿ. "ಹೂಂ ಕಣಮ್ಮ, ಮೊದಲನೇ ಸಲ" ಎಂದು ಹೇಳಿ ಮನೆಗೆ ಬಂದೆ.

ಇನ್ನು ಹಕ್ಕಿಯ ವಿಷಯ. ದಿಬ್ಬದಾಚೆ ಬರೀ ಮರಳಿನ ಮೇಲೆ ಮೊಟ್ಟೆಯಿಡುವ ಆ ಪುಟ್ಟ ಹಕ್ಕಿಗಾಗಿ ನೀನು ಪ್ರತಿವರ್ಷ ಸುತ್ತ ಕಡ್ಡಿ ನೆಡುತ್ತಿದ್ದೆ. ತುಳಿಯಲು ಅಲ್ಲಿಗೆ ನಮ್ಮಿಬ್ಬರನ್ನು ಬಿಟ್ಟು ಯಾರೂ ಬರುತ್ತಿರಲಿಲ್ಲ, ಆದರೂ ನೆಡುತ್ತಿದ್ದೆ. ಹೋದ ವರ್ಷದ ಆ ಕಡ್ಡಿಗಳು ಇನ್ನೂ ಇವೆ. ಮೊನ್ನೆ ಸ್ಟುಡಿಯೋದವನು ಕೂದಲು ಕತ್ತರಿಸಿಕೊಳ್ಳುತ್ತ ಫೋನಿನಲ್ಲಿ ಹೊಸ ಫೋಟೋಗಳನ್ನು ತೋರಿಸಿದ. ಒಂದರಲ್ಲಿ ಎಲ್ಲರ ಚೀಲ, ಚಪ್ಪಲಿ, ನೀರಿನ ಬಾಟಲಿಗಳನ್ನು ಆ ಕಡ್ಡಿಗಳ ನಡುವೆ ಒಟ್ಟಿದ್ದಾರೆ. "ಯಾರೋ ಪುಣ್ಯಾತ್ಮರು ಸಾಮಾನಿಡೋಕೆ ಅಂತ್ಲೇ ಜಾಗ ಗುರುತು ಮಾಡಿಟ್ಟಿದ್ರು ನೋಡಿ" ಎಂದ. ನನ್ನ ಕತ್ತರಿಗೆ ಅವನ ಕಿವಿಯ ಮೇಲಿನ ಕೂದಲು ಒಂದು ಹಿಡಿ ಹೆಚ್ಚಾಗಿಯೇ ಹೋಯಿತು. ಅಲ್ಲಿ ಮೊಟ್ಟೆ ಇತ್ತೇ ಎಂದು ಕೇಳಬೇಕೆಂದುಕೊಂಡೆ. ಧೈರ್ಯ ಬರಲಿಲ್ಲ.

ಬರಬೇಡ ಎನ್ನಲು ನನಗೆ ಬಾಯಿಲ್ಲ, ಬಾ ಎನ್ನಲು ಮುಖವಿಲ್ಲ. ನೀನು ನನ್ನ ಮೇಲೆ ಎಷ್ಟು ಸಿಟ್ಟು ಮಾಡಿಕೊಂಡರೂ ಕಡಿಮೆಯೇ. ಒಂದು ಮಾತು ಮಾತ್ರ ನಡೆಸಿಕೊಡು. ಆ ಮೊದಲಿನ ಕಾಗದವನ್ನು ದಿನಾ ಓದುತ್ತೇನೆ ಎಂದಿದ್ದೀಯಲ್ಲ, ಇನ್ನು ಓದಬೇಡ. ಹರಿದು ಹಾಕು.

ನಿನ್ನ ಕಣ್ಣು ಇನ್ನಷ್ಟು ಮಂಜಾಗದಿರಲಿ. ಆ ಲಾರಿಗಳೆಲ್ಲ ಬೇರೆ ರಸ್ತೆ ಹಿಡಿಯಲಿ. ಮಗಳ ಮನೆ ತಣ್ಣಗಿರಲಿ, ನೀನು ಅಲ್ಲಿ ಕಣ್ತುಂಬ ನಿದ್ದೆ ಮಾಡುವಂತಾಗಲಿ.

ಇಂತಿ,
ನಿನ್ನ ಹಾಳು ರೇಡಿಯೋ

ತಾ.ಕ.: ಕಾಗದ ಮಡಚಿ ಅಂಟು ಹಚ್ಚಿದ್ದೆ, ಮತ್ತೆ ಬಿಡಿಸಿದೆ. ಮಾತಿನ ಮಧ್ಯೆ ಜಾರಿತು ಎಂದು ಬರೆದೆನಲ್ಲ, ಅದೂ ನಿಜವಲ್ಲ. ನೀನು ಹೋದ ಮೇಲಿನ ಮೊದಲ ಮಂಗಳವಾರ ಅಂಗಡಿಗೆ ರಜೆ, ರೂಢಿಯಂತೆ ಹೊರಟೆ. ದಿಬ್ಬದ ಬುಡದಲ್ಲಿ ನಿಂತೆ. ಸುಮ್ಮನಿರು ಎನ್ನುವವರು ಯಾರೂ ಇರಲಿಲ್ಲ. ಬಾಯಿತುಂಬ ಮಾತಾಡಬಹುದಿತ್ತು, ಒಂದು ಮಾತೂ ಬರಲಿಲ್ಲ. ನಿನ್ನ ಜೊತೆಯಲ್ಲಿ ಅಷ್ಟು ಹಿತವಾಗಿದ್ದ ಮೌನಕ್ಕೆ ಅವತ್ತು ನಾನು ಹೆದರಿಬಿಟ್ಟೆ, ಅಲ್ಲಿಂದಲೇ ತಿರುಗಿ ಬಂದೆ. ಆಮೇಲೆ ಇವತ್ತಿನವರೆಗೂ ದಿಬ್ಬ ದಾಟಿಲ್ಲ. ಕಾಡು, ಸೂಜಿಯೆಲೆ, ದಿಮ್ಮಿ ಎಲ್ಲ ನೆನಪಿನಿಂದ ಬರೆದದ್ದು. ಮರುದಿನ ಸ್ಟುಡಿಯೋದವನಿಗೆ ನಾನಾಗಿಯೇ ಹೇಳಿದೆ, "ಒಂದು ಒಳ್ಳೇ ದಾರಿ ಇದೆ, ಮುಂದಿನ ಮಂಗಳವಾರ ಇಬ್ರೂ ಹೋಗೋಣ್ವಾ?" ಎಂದು. ಹೋಗೋಣ ಎಂದ. ಅವತ್ತು ಬೆಳಿಗ್ಗೆ ಶೆಡ್ಡಿನ ಹತ್ತಿರ ಬಿಸಿಲೇರುವವರೆಗೂ ಕಾದೆ. ಅವನು ಬರಲಿಲ್ಲ. ಎರಡು ದಿನ ಮೊದಲೇ ಆ ಜೋಡಿಯ ಜೊತೆ ಹೋಗಿಬಂದಿದ್ದ. ನಿನ್ನ ಜಾಗಕ್ಕೆ ಇನ್ನೊಬ್ಬನನ್ನು ಕರೆಯಲು ಹೋಗಿ ನಿನ್ನ ಜಾಗವನ್ನೇ ಕಳೆದೆ, ಗಂಟೆಯಣ್ಣ. ಬಾ ಎನ್ನಲು ಮುಖವಿಲ್ಲ ಎಂದೆ. ಆದರೂ ಬಾ. ಐಸ್‌ಕ್ರೀಮ್ ಗಾಡಿಯ ಪಕ್ಕದಲ್ಲಾದರೂ ಚಿಂತೆಯಿಲ್ಲ, ಆ ದಿಬ್ಬದ ಬುಡದಲ್ಲಿ ನಿಂತು ನನಗೆ ಒಂದೇ ಒಂದು ಸಲ "ಸುಮ್ನಿರೋ" ಅನ್ನು.